ಮೇಲಿನ ಮಹಡಿಯ ದುಡ್ಡು

853 ಜನರನ್ನು ಕತ್ತಲಲ್ಲಿ, ಎರಡು ಅಂತಸ್ತಿನಿಂದ ಹೊರಗೆ ಕಳಿಸೋಕೆ ಎಷ್ಟು ಹೊತ್ತು ಬೇಕು? ನಮ್ಮ ಮದುವೆ ಛತ್ರಗಳಲ್ಲಿ ಒಂದು ಪಂಕ್ತಿ ಊಟ ಮುಗಿಸಿ ಏಳೋಕೇ ಹತ್ತು ನಿಮಿಷ ಹಿಡಿಯುತ್ತೆ. 2006ರ ಮಾರ್ಚ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380 ವಿಮಾನಕ್ಕೆ ಈ ಪರೀಕ್ಷೆ ನಡೀತು. ಹ್ಯಾಂಗರ್‌ನ ದೀಪ ಆರಿಸಿದರು. ವಿಮಾನಕ್ಕೆ 16 ಬಾಗಿಲು. ಅದರಲ್ಲಿ 8 ಮಾತ್ರ ತೆರೆಯುತ್ತವೆ, ಯಾವ ಎಂಟು ಅನ್ನೋದು ಒಳಗಿದ್ದವರಿಗೆ ಗೊತ್ತಿಲ್ಲ. 853 ಪ್ರಯಾಣಿಕರು, 20 ಸಿಬ್ಬಂದಿ. ನಿಯಮ ಕೊಟ್ಟಿದ್ದು 90 ಸೆಕೆಂಡ್. ಎಲ್ಲರೂ ಹೊರಬಿದ್ದಿದ್ದು 78 ಸೆಕೆಂಡ್‌ನಲ್ಲಿ.

ಪಾಸಾಯ್ತು. 853 ಜನರನ್ನು ಹೊತ್ತು ಹಾರಬಹುದು ಅಂತ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಜಗತ್ತಿನ ಯಾವ ಕಂಪನಿಯೂ ಅದರಲ್ಲಿ 853 ಸೀಟು ಹಾಕಲೇ ಇಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಏರ್ ಆಸ್ಟ್ರಲ್ ಕಂಪನಿ 840 ಸೀಟಿನ ಎರಡು ವಿಮಾನ ಬೇಕು ಅಂತ 2009ರಲ್ಲಿ ಹೇಳಿತ್ತು, ಆಮೇಲೆ ಕೈಬಿಟ್ಟಿತು. ಮೊದಲ ಗ್ರಾಹಕ ಸಿಂಗಪುರ ಏರ್‌ಲೈನ್ಸ್ ಹಾಕಿದ್ದು ಬರೀ 471 ಸೀಟು. ಉಳಿದ ಸುಮಾರು ನಾನೂರು ಜನರ ಜಾಗ ಎಲ್ಲಿ ಹೋಯ್ತು?

ಹಾಸಿಗೆಗೆ ಹೋಯ್ತು. ಬಾರ್ ಕೌಂಟರಿಗೆ, ಅಗಲದ ಸೀಟಿಗೆ, ಕಾಲು ಚಾಚೋಕೆ ಹೋಯ್ತು. ಇವತ್ತು ಹೇಳಹೊರಟಿದ್ದು ಆ ಜಾಗದ ಕಥೆ. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಬದುಕಿದ್ದೂ ಅದರಿಂದಲೇ, ಬಹುತೇಕ ಸತ್ತಿದ್ದೂ ಅದರಿಂದಲೇ.

ಬಿಸಿನೆಸ್ ಕ್ಲಾಸ್ ಅಂದ್ರೆ ದುಡ್ಡಿದ್ದವರ ಶೋಕಿ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಶೋಕಿ ಇರೋದು ಫಸ್ಟ್ ಕ್ಲಾಸ್‌ನಲ್ಲಿ. ಬಿಸಿನೆಸ್ ಕ್ಲಾಸ್ ಹುಟ್ಟಿದ್ದು ಒಂದು ಗೊಣಗಾಟದಿಂದ. 1970ರ ಜನವರಿಯಲ್ಲಿ ಪ್ಯಾನ್ ಆ್ಯಮ್ ಕಂಪನಿಯ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹಾರಿತು. ಇದ್ದಕ್ಕಿದ್ದ ಹಾಗೆ ಒಂದೇ ವಿಮಾನದಲ್ಲಿ ಅಷ್ಟೊಂದು ಸೀಟು! ತುಂಬಿಸೋದು ಹೇಗೆ? ರಿಯಾಯಿತಿ ಕೊಟ್ಟರು. ಎರಡು ತಿಂಗಳ ಮೊದಲೇ ಬುಕ್ ಮಾಡಿದ ಪ್ರವಾಸಿಗೆ ಅಗ್ಗದ ಟಿಕೆಟ್. ನಿನ್ನೆ ರಾತ್ರಿ ಬಾಸ್ ಫೋನ್ ಮಾಡಿ 'ನಾಳೆ ಲಂಡನ್‌ನಲ್ಲಿ ಇರಬೇಕು' ಅಂದವನಿಗೆ ಪೂರ್ತಿ ದರ. ಇಬ್ಬರೂ ಕೂರೋದು ಅಕ್ಕಪಕ್ಕದಲ್ಲೇ, ತಿನ್ನೋದು ಅದೇ ಊಟ. ಪೂರ್ತಿ ದರ ಕೊಟ್ಟವನು ಗೊಣಗಿದ್ದು ತಪ್ಪೇನಲ್ಲ ಬಿಡಿ.

ಅವನನ್ನು ಸಮಾಧಾನ ಮಾಡೋಕೆ 1978ರಲ್ಲಿ ಪ್ಯಾನ್ ಆ್ಯಮ್ 'ಕ್ಲಿಪ್ಪರ್ ಕ್ಲಾಸ್' ಅಂತ ತಂತು. ಬ್ರಿಟಿಷ್ ಏರ್‌ವೇಸ್ 'ಕ್ಲಬ್' ಅಂದಿತು. 1979ರಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ 'ಬಿಸಿನೆಸ್ ಕ್ಲಾಸ್' ಶುರು ಮಾಡಿ, ಇದನ್ನು ಕಂಡುಹಿಡಿದಿದ್ದೇ ನಾವು ಅಂತ ಇವತ್ತಿಗೂ ಹೇಳಿಕೊಳ್ಳುತ್ತೆ. ಮೊದಮೊದಲು ಸಿಕ್ಕಿದ್ದೇನೂ ಮಹಾ ಅಲ್ಲ. ಬೇರೆ ಕ್ಯಾಬಿನ್, ಒಂದಿಷ್ಟು ನೆಮ್ಮದಿ, ಪುಕ್ಕಟೆ ಪಾನೀಯ.

747ರ ನೆತ್ತಿಯ ಮೇಲಿನ ಗೂನು ನೆನಪಿದೆಯಲ್ಲ? ಅದು ಅಂದಕ್ಕೆ ಮಾಡಿದ್ದಲ್ಲ. ಇನ್ನು ಮುಂದೆ ಜನ ಶಬ್ದಕ್ಕಿಂತ ವೇಗದ ವಿಮಾನಗಳಲ್ಲೇ ಓಡಾಡ್ತಾರೆ, 747 ಸರಕು ಹೊರೋಕೆ ಹೋಗುತ್ತೆ ಅಂತ ಬೋಯಿಂಗ್ ಲೆಕ್ಕ ಹಾಕಿತ್ತು. ಮೂತಿಯನ್ನೇ ಬಾಗಿಲಿನ ಹಾಗೆ ಎತ್ತಿ ಸರಕು ತುಂಬಬೇಕು ಅಂದ್ರೆ ಪೈಲಟ್‌ಗಳು ಮೇಲೆ ಕೂರಬೇಕು. ಅವರ ಹಿಂದೆ ಉಳಿದ ಜಾಗವನ್ನು ಲೌಂಜ್ ಮಾಡಿದರು. 1971ರಲ್ಲಿ ಏರ್ ಇಂಡಿಯಾಕ್ಕೆ 747 ಬಂದಾಗ ಅದನ್ನು ಆಕಾಶದ ಅರಮನೆ ಅಂತಲೇ ಜಾಹೀರಾತು ಮಾಡಿದರು. ಅಮೆರಿಕನ್ ಏರ್‌ಲೈನ್ಸ್ ತನ್ನ 747ರಲ್ಲಿ ಪಿಯಾನೊ ಇಟ್ಟಿತ್ತು! 1973ರ ತೈಲ ಬಿಕ್ಕಟ್ಟು ಬಂತು ನೋಡಿ, ಪಿಯಾನೊ ಇಳೀತು, ಸೀಟು ಏರಿತು.

ನಿಜವಾದ ತಿರುವು 2000ನೇ ಇಸವಿಯದ್ದು. ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸ್‌ಗೆ ಪೂರ್ತಿ ಚಪ್ಪಟೆ ಹಾಸಿಗೆ ತಂತು. ಒಬ್ಬರ ಮುಖ ಮುಂದಕ್ಕೆ, ಪಕ್ಕದವರ ಮುಖ ಹಿಂದಕ್ಕೆ. ಹೀಗೆ ಜೋಡಿಸಿದ್ದರಿಂದ ಕಡಿಮೆ ಜಾಗದಲ್ಲಿ ಹೆಚ್ಚು ಹಾಸಿಗೆ ಹಿಡೀತು. ಅಲ್ಲಿಂದಾಚೆ ಮಾರಾಟಕ್ಕಿದ್ದದ್ದು ಸೀಟಲ್ಲ, ನಿದ್ದೆ. ರಾತ್ರಿ ವಿಮಾನದಲ್ಲಿ ಮಲಗಿ ಬೆಳಿಗ್ಗೆ ಮೀಟಿಂಗ್‌ಗೆ ಹೋಗುವ ಮ್ಯಾನೇಜರ್‌ಗೆ ಹೋಟೆಲ್‌ನ ಒಂದು ರಾತ್ರಿ ಉಳೀತು. ಬಿಲ್ ಕಟ್ಟೋದು ಅವನಲ್ಲ, ಕಂಪನಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಏರ್‌ಬಸ್ ಎ380 ಯೋಜನೆಗೆ ಹಸಿರು ನಿಶಾನೆ ತೋರಿಸಿತು. ಲೆಕ್ಕ ಸರಳವಾಗಿತ್ತು. ಜನ ಹೆಚ್ಚಾಗ್ತಾರೆ, ಆದರೆ ಲಂಡನ್ ಹೀಥ್ರೂನಂಥ ನಿಲ್ದಾಣಗಳಲ್ಲಿ ವಿಮಾನ ಇಳಿಸೋಕೆ ಜಾಗ ಹೆಚ್ಚಾಗಲ್ಲ. ಹಾಗಾಗಿ ದೊಡ್ಡ ಊರಿಂದ ದೊಡ್ಡ ಊರಿಗೆ ದೊಡ್ಡ ವಿಮಾನ, ಅಲ್ಲಿಂದ ಮುಂದಕ್ಕೆ ಸಣ್ಣ ವಿಮಾನ. ಇಂಥ ದೈತ್ಯ ವಿಮಾನಗಳಿಗೆ ಸಾವಿರಕ್ಕೂ ಹೆಚ್ಚು ಬೇಡಿಕೆ ಬರುತ್ತೆ ಅಂತ ಅಂದಾಜು. ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಾಯಿಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಟಿವಿಗೆ ಬಂದವಳು ನಾನು. ಈ ವಿಮಾನ ಕಟ್ಟಿದ ಬಗೆ ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತೆ. ಬ್ರಿಟನ್‌ನಲ್ಲಿ ರೆಕ್ಕೆ, ಜರ್ಮನಿಯಲ್ಲಿ ಒಡಲು, ಸ್ಪೇನ್‌ನಲ್ಲಿ ಬಾಲ, ಎಲ್ಲ ಸೇರೋದು ಫ್ರಾನ್ಸ್‌ನ ಟುಲೂಸ್‌ನಲ್ಲಿ. ಹಡಗಲ್ಲಿ ಬಂದು, ಗರೋನ್ ನದಿಯಲ್ಲಿ ದೋಣಿ ಹತ್ತಿ, ಕೊನೆಗೆ ರಾತ್ರಿ ಹೊತ್ತು ರಸ್ತೆ ಮೇಲೆ ಮೆರವಣಿಗೆ. ಲೆವಿನ್ಯಾಕ್ ಅನ್ನುವ ಹಳ್ಳಿಯ ಕಿರಿದಾದ ಬೀದಿಯಲ್ಲಿ ಮನೆ ಗೋಡೆಗಳನ್ನು ಸವರಿಕೊಂಡು ಹೋದಂತೆ ಈ ಭಾಗಗಳು ಸಾಗುತ್ತಿದ್ದವು. ನಮ್ಮ ರಥಬೀದಿಯಲ್ಲಿ ತೇರು ತಿರುಗಿಸುವವರು ನೋಡಿದ್ದರೆ ತಲೆದೂಗುತ್ತಿದ್ದರು.

ಇಷ್ಟೆಲ್ಲ ಮಾಡಿದವರು ಎಡವಿದ್ದು ತಂತಿಯಲ್ಲಿ. ಒಂದು ಎ380 ಒಳಗೆ ಸುಮಾರು 530 ಕಿಲೋಮೀಟರ್ ವಿದ್ಯುತ್ ತಂತಿ. ಬೆಂಗಳೂರಿನಿಂದ ಎಳೆದರೆ ಬೆಳಗಾವಿ ದಾಟುತ್ತೆ. ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನ ನಾಲ್ಕನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು, ಟುಲೂಸ್‌ನವರು ಐದನೆಯದರಲ್ಲಿ. ಎರಡೂ ಒಂದನ್ನೊಂದು ಸರಿಯಾಗಿ ಓದುತ್ತಿರಲಿಲ್ಲ. ಜರ್ಮನಿಯಿಂದ ಬಂದ ತಂತಿಯ ಕಟ್ಟುಗಳನ್ನು ಎಳೆದು ಜೋಡಿಸಲು ಹೋದರೆ ಕೆಲವು ಕಡೆ ಉದ್ದ ಸಾಲಲಿಲ್ಲ! ತಂತಿ ಮತ್ತೆ ಕೈಯಿಂದ ಎಳೆಯಬೇಕಾಯಿತು. 2006ರ ಜೂನ್‌ನಲ್ಲಿ ವಿಳಂಬದ ಸುದ್ದಿ ಹೊರಬಿದ್ದಾಗ ಮಾತೃಸಂಸ್ಥೆಯ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮುಂದಿನ ತಿಂಗಳು ಏರ್‌ಬಸ್ ಮುಖ್ಯಸ್ಥರೇ ರಾಜೀನಾಮೆ ಕೊಟ್ಟರು.

ಕೊನೆಗೂ 2007ರ ಅಕ್ಟೋಬರ್ 25ರಂದು ಸಿಂಗಪುರದಿಂದ ಸಿಡ್ನಿಗೆ ಮೊದಲ ಪ್ರಯಾಣ. ಟಿಕೆಟ್‌ಗಳನ್ನು ಇಬೇಯಲ್ಲಿ ಹರಾಜು ಹಾಕಿ ಹಣವನ್ನು ದಾನಕ್ಕೆ ಕೊಟ್ಟರು. ಅತ್ಯಂತ ಐಷಾರಾಮಿ ಸೂಟ್‌ನ ಎರಡು ಟಿಕೆಟ್ 1,00,380 ಡಾಲರ್‌ಗೆ ಹೋಯ್ತು. ಮೇಲಿನ ಮಹಡಿಯಲ್ಲಿ 60 ಬಿಸಿನೆಸ್ ಸೀಟು, ಒಂದೊಂದೂ 34 ಇಂಚು ಅಗಲ. ಇಬ್ಬರು ಆರಾಮಾಗಿ ಕೂರಬಹುದು. ಜನ ಮರುಳಾದರು. ಮರುವರ್ಷ ಎಮಿರೇಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫಸ್ಟ್ ಕ್ಲಾಸ್‌ಗೆ ಶವರ್, ಮೇಲಿನ ಮಹಡಿಯ ಹಿಂಭಾಗದಲ್ಲಿ ಬಾರ್ ಇಟ್ಟಿತು. ಆಗಲೇ, 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿತು. ಕಂಪನಿಗಳು ಖರ್ಚು ಕಡಿಮೆ ಮಾಡಬೇಕು ಅಂದಾಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ಬಿಸಿನೆಸ್ ಕ್ಲಾಸ್ ಟಿಕೆಟ್‌ಗೆ.

ಅದು ಯಾಕೆ ಅಷ್ಟು ದೊಡ್ಡ ಪೆಟ್ಟು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ, ಪೆನ್ನು ಪೇಪರ್ ಸಾಕು. ಎಮಿರೇಟ್ಸ್ ಬಳಿ ಮೂರು ದರ್ಜೆಯ ಒಂದು ಎ380 ಇದೆ. ಫಸ್ಟ್ 14, ಬಿಸಿನೆಸ್ 76, ಎಕಾನಮಿ 427. ಒಟ್ಟು 517. ಎರಡೇ ದರ್ಜೆಯ ಇನ್ನೊಂದಿದೆ. ಬಿಸಿನೆಸ್ 58, ಎಕಾನಮಿ 557. ಒಟ್ಟು 615. ಅಂದ್ರೆ ಮೇಲ್ದರ್ಜೆಯ 32 ಸೀಟು ತೆಗೆದರೆ ಎಕಾನಮಿಯ 130 ಸೀಟು ಹಿಡಿಯುತ್ತೆ. ಸರಾಸರಿ ಒಂದಕ್ಕೆ ನಾಲ್ಕು. ಮೇಲೆ ಮಲಗಿದವರ ಟಿಕೆಟ್ ಕೆಳಗೆ ಕೂತವರ ಟಿಕೆಟ್‌ನ ನಾಲ್ಕು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಹಾಸಿಗೆ ಹಾಕಿದ್ದೇ ದಂಡ. ಮೇಲಿನವರು ಕಡಿಮೆಯಾದ ದಿನ ನಾಲ್ಕು ಎಂಜಿನ್‌ಗಳ ಇಂಧನದ ಬಿಲ್ ಕೆಳಗಿನವರ ತಲೆ ಮೇಲೆ ಬೀಳುತ್ತೆ. ಅವರು ಕೊಡಲ್ಲ, ಕೊಡೋಕಾಗಲ್ಲ.

ನಾಲ್ಕು ಎಂಜಿನ್ ಅಂದೆ. ಅಸಲಿ ಏಟು ಬಿದ್ದಿದ್ದೇ ಅಲ್ಲಿ. ಹಿಂದೆ ಎರಡೇ ಎಂಜಿನ್‌ನ ವಿಮಾನ ಸಾಗರದ ನಡುವೆ ಹೋಗುವಂತಿರಲಿಲ್ಲ. ಒಂದು ಎಂಜಿನ್ ಕೈಕೊಟ್ಟರೆ 60 ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಸಿಗುವಂತಿರಬೇಕು ಅನ್ನೋ ನಿಯಮ. 1985ರಲ್ಲಿ ಅದು 120 ನಿಮಿಷ ಆಯ್ತು, ಆಮೇಲೆ 180, ಆಮೇಲೆ ಇನ್ನೂ ಹೆಚ್ಚು. ಎಂಜಿನ್‌ಗಳು ಅಷ್ಟು ನಂಬಿಕೆಗೆ ಅರ್ಹವಾದವು. 2004ರಲ್ಲಿ ಬೋಯಿಂಗ್ 787 ಯೋಜನೆ ಶುರು ಮಾಡಿ ಏರ್‌ಬಸ್‌ಗೆ ತದ್ವಿರುದ್ಧವಾದ ಪಂಥ ಕಟ್ಟಿತು: ಜನ ನಡುವೆ ಇಳಿದು ವಿಮಾನ ಬದಲಾಯಿಸೋಕೆ ಇಷ್ಟಪಡಲ್ಲ, ಸೀದಾ ಹೋಗ್ತಾರೆ. ಎ380ಯ ರೆಕ್ಕೆಯಂತೂ ಮುಂದೆ ಬರಬೇಕಿದ್ದ ಇನ್ನೂ ಉದ್ದದ ಮಾದರಿಗೆ ಆಗುವ ಹಾಗೆ ಮಾಡಿದ್ದು. ಆ ಮಾದರಿ ಬರಲೇ ಇಲ್ಲ. ತಮ್ಮನಿಗೆ ಅಣ್ಣನ ಅಂಗಿ ತೊಡಿಸಿದ ಹಾಗೆ, ಇದ್ದ ವಿಮಾನ ಕಡೆಯವರೆಗೂ ಬೇಡದ ಭಾರ ಹೊತ್ತು ಹಾರಿತು. ಅಮೆರಿಕದ ಒಂದೇ ಒಂದು ವಿಮಾನಯಾನ ಕಂಪನಿಯೂ ಎ380 ಕೊಳ್ಳಲಿಲ್ಲ.

ಬೋಯಿಂಗ್ ಪಂಥಕ್ಕೆ ನಮ್ಮ ಊರೇ ಸಾಕ್ಷಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಸುದ್ದಿ ಓದುವಾಗ ನಾನು ಸ್ವಲ್ಪ ಹೆಚ್ಚೇ ಉಬ್ಬಿದ್ದೆ ಅಂತ ಸಹೋದ್ಯೋಗಿಗಳು ಈಗಲೂ ಕಾಲೆಳೀತಾರೆ. ವಿಮಾನ ಎರಡು ಎಂಜಿನ್‌ನ ಬೋಯಿಂಗ್ 777, ಸೀಟು 238. ಸಿಲಿಕಾನ್ ವ್ಯಾಲಿಗೂ ಬೆಂಗಳೂರಿಗೂ ನಡುವೆ ಓಡಾಡುವವರಿಗೆ 500 ಸೀಟಿನ ದೈತ್ಯ ಬೇಕಿರಲಿಲ್ಲ, ಸೀದಾ ಹೋಗೋದು ಬೇಕಿತ್ತು.

ಇದೇ ಬೆಂಗಳೂರಿನಿಂದ ಹಿಂದೊಮ್ಮೆ ಎ380ಗೆ ಆರ್ಡರ್ ಹೋಗಿತ್ತು ಅಂದ್ರೆ ನಂಬ್ತೀರಾ? ವಿಜಯ್ ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ಶುರು ಮಾಡಿದ್ದು 2005ರ ಮೇ ತಿಂಗಳಲ್ಲಿ. ಜೂನ್‌ನಲ್ಲಿ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಐದು ಎ380 ಬೇಕು ಅಂತ ಘೋಷಣೆ! ಅಂಬೆಗಾಲಿಡುವ ಮಗುವಿಗೆ ಆನೆ ಅಂಬಾರಿ. ಅದಕ್ಕೆ ಎರಡೇ ವರ್ಷ ಮೊದಲು ಇದೇ ಊರಿಂದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ, ಬಸ್ಸಿನವರನ್ನು ವಿಮಾನ ಹತ್ತಿಸಲು ಹೊರಟಿದ್ದರು. 2007ರಲ್ಲಿ ಅಂಬಾರಿಯ ಕನಸಿನವರು ಬಸ್ಸಿನ ಲೆಕ್ಕದವರ ಕಂಪನಿಯನ್ನು ಕೊಂಡರು. 2012ರ ಅಕ್ಟೋಬರ್ ಹೊತ್ತಿಗೆ ಕಿಂಗ್‌ಫಿಷರ್ ನೆಲ ಕಚ್ಚಿತ್ತು. ಐದರಲ್ಲಿ ಒಂದೂ ಬರಲಿಲ್ಲ. ಸಂಬಳ ಸಿಗದೆ ಬೀದಿಗೆ ಬಂದ ನೌಕರರು ಮಾತ್ರ ಎಲ್ಲರ ಕ್ಯಾಮೆರಾ ಮುಂದೆ ಬಂದರು.

2019ರ ಫೆಬ್ರವರಿಯಲ್ಲಿ ಎಮಿರೇಟ್ಸ್ ತನ್ನ ಆರ್ಡರ್‌ನಿಂದ 39 ವಿಮಾನ ಕಡಿತ ಮಾಡಿತು. ಅದರ ಜೊತೆಗೇ ಏರ್‌ಬಸ್ ಉತ್ಪಾದನೆ ನಿಲ್ಲಿಸುವ ತೀರ್ಮಾನ ಪ್ರಕಟಿಸಿತು. ಕೊನೆಯ ವಿಮಾನ 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್‌ಗೇ ಹೋಯ್ತು. ಒಟ್ಟು 251. ಅದರಲ್ಲಿ 123 ಅವರೊಬ್ಬರದೇ. ಹರಾಜಿನ ಟಿಕೆಟ್‌ನವರನ್ನು ಸಿಡ್ನಿಗೆ ಹೊತ್ತೊಯ್ದ ಆ ಮೊದಲ ವಿಮಾನ ಇದೆಯಲ್ಲ, ಅದನ್ನು ಹತ್ತೇ ವರ್ಷ ಹಾರಿಸಿ, ಫ್ರಾನ್ಸ್‌ನ ತಾರ್ಬ್ ಎಂಬಲ್ಲಿ ಬಿಡಿಭಾಗಗಳಿಗಾಗಿ ಬಿಚ್ಚಿಹಾಕಿದರು. ವಿಮಾನವೊಂದು ಇಪ್ಪತ್ತು ಇಪ್ಪತ್ತೈದು ವರ್ಷ ದುಡಿಯೋದು ಸಾಮಾನ್ಯ. ಹತ್ತಕ್ಕೇ ಗುಜರಿ!

ಕಾರ್ಖಾನೆ ಬಾಗಿಲು ಹಾಕಿದ ಹತ್ತು ತಿಂಗಳ ಮೇಲೆ, 2022ರ ಅಕ್ಟೋಬರ್ 14ರಂದು, ಎಮಿರೇಟ್ಸ್‌ನ ಎ380 ದುಬೈಯಿಂದ ಬೆಂಗಳೂರಿಗೆ ಬಂತು. ದಕ್ಷಿಣ ಭಾರತಕ್ಕೆ ಇದರ ನಿಯಮಿತ ಸಂಚಾರ ಶುರುವಾಗಿದ್ದು ಹೀಗೆ. ಕೋವಿಡ್ ಮುಗಿದು ಜನ ಮುಗಿಬಿದ್ದಿದ್ದರು, ಹೊಸ ವಿಮಾನಗಳು ಹೇಳಿದ ಸಮಯಕ್ಕೆ ಸಿಗುತ್ತಿರಲಿಲ್ಲ. ಮಾರಿಬಿಡ್ತೀವಿ ಅಂದಿದ್ದ ಲುಫ್ತಾನ್ಸಾ ಕೂಡ ತನ್ನ ಎ380ಗಳನ್ನು ಮರುಭೂಮಿಯಿಂದ, ದಾಸ್ತಾನಿನಿಂದ ವಾಪಸ್ ಕರೆಸಿಕೊಂಡಿತು.

ನಾನೂ ಒಮ್ಮೆ ದುಬೈಯಿಂದ ಬೆಂಗಳೂರಿಗೆ ಅದರ ಮೇಲಿನ ಮಹಡಿಯಲ್ಲಿ ಬಂದೆ, ವರ್ಷಗಟ್ಟಲೆ ಕೂಡಿಟ್ಟ ಮೈಲ್ಸ್ ಪಾಯಿಂಟ್‌ಗಳ ಪುಣ್ಯ. ಮೇಲೆ ಮೌನ. ಕಿಟಕಿಯ ಪಕ್ಕ ಸಾಮಾನಿಡುವ ಪೆಟ್ಟಿಗೆ, ಚಪ್ಪಟೆಯಾಗುವ ಹಾಸಿಗೆ. ನಾಲ್ಕು ಗಂಟೆಯ ದಾರಿ, ನಿದ್ದೆ ಹತ್ತೋ ಹೊತ್ತಿಗೆ ಇಳಿಯುವ ಘೋಷಣೆ. ಇಳಿದು ಬೆಲ್ಟ್ ಹತ್ತಿರ ನಿಂತಾಗ ಕೆಳಗಿನ ಮಹಡಿಯವರು ಸಿಕ್ಕರು. ಕಟ್ಟಡ ಕೆಲಸಕ್ಕೆ ಹೋಗಿ ರಜೆಗೆ ಬಂದ ಹುಡುಗರು. ನ್ಯೂಜೆರ್ಸಿಯಲ್ಲಿ ಮಗಳ ಬಾಣಂತನ ಮುಗಿಸಿ ಬಂದ ಒಬ್ಬ ತಾಯಿ, ಜೊತೆಗೆ ಅವರ ಯಜಮಾನರು. "ಮೇಲೆ ಏನೈತಂತೆ ಮೇಡಂ?" ಅಂತ ಕೇಳಿದರು. ಹಾಸಿಗೆ ಇದೆ ಅಂದೆ. "ಹೋಗ್ಲಿ ಬಿಡ್ರಿ, ನಮಗ ಸೂಟ್‌ಕೇಸ್ ಬಂದ್ರ ಸಾಕು" ಅಂದರು.

ಎಮಿರೇಟ್ಸ್ ಈಗ ತನ್ನ ಎ380ಗಳಲ್ಲಿ ಪ್ರೀಮಿಯಂ ಎಕಾನಮಿ ಎಂಬ ನಾಲ್ಕನೇ ದರ್ಜೆ ತಂದಿದೆ. ಒಟ್ಟು ಸೀಟು 484. ಫಸ್ಟ್ 14, ಬಿಸಿನೆಸ್ 76, ಪ್ರೀಮಿಯಂ ಎಕಾನಮಿ 56, ಎಕಾನಮಿ 338. ಹೊಸ 56 ಸೀಟಿಗೆ ಜಾಗ ತೆಗೆದಿದ್ದು ಕೆಳಗಿನ ಮಹಡಿಯಲ್ಲೇ. ಮೇಲಿನ 76 ಇದ್ದ ಹಾಗೇ ಇದೆ.