ಮೈನಸ್ 850

ಕುರುಗೋಡಿನ ನಮ್ಮ ಅತ್ತೆ ಪಾಸ್‌ಬುಕ್ ಹಿಡಿದು ಬಳ್ಳಾರಿಗೆ ಬಂದಿದ್ದರು. ಖಾತೆಯಲ್ಲಿ ಇದ್ದದ್ದೇ 212 ರೂಪಾಯಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ 300 ದಂಡ, ಅದರ ಮೇಲೆ 54 ಜಿಎಸ್‌ಟಿ, ಹೀಗೆ ಮೂರು ಸಲ. ಖಾತೆ ಮೈನಸ್ 850ಕ್ಕೆ ಇಳಿದಿತ್ತು. ಗೃಹಲಕ್ಷ್ಮಿಯ 2,000 ಜಮಾ ಆದ ದಿನ ಕೈಗೆ ಸಿಕ್ಕಿದ್ದು 1,150.

"ನಾ ಸಾಲನ ತಗಂಡಿಲ್ಲ, ಮತ್ತ ಮೈನಸ್ ಹೆಂಗಾತು?" ಅಂದರು.

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಸಿರುಗುಪ್ಪದ ನಮ್ಮ ಮುತ್ತಜ್ಜನ ಲೆಕ್ಕ ಸಾಹುಕಾರರ ಪುಸ್ತಕದಲ್ಲಿತ್ತು. ಅವನಿಗೆ ಓದಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ತುಂಗಭದ್ರಾ ಅಣೆಕಟ್ಟು ಇನ್ನೂ ಆಗಿರಲಿಲ್ಲ; ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಬೆಳೆಯುತ್ತಿದ್ದದ್ದು ಬಡ್ಡಿ ಒಂದೇ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ರಾಜಾಜಿ ಸರ್ಕಾರ 1938ರಲ್ಲಿ ತಂದ ರೈತರ ಋಣಪರಿಹಾರ ಕಾಯ್ದೆ ನಮ್ಮವರಿಗೂ ಅನ್ವಯಿಸಿತು. 1932ರ ಅಕ್ಟೋಬರ್‌ಗಿಂತ ಹಿಂದಿನ ಸಾಲವಾದರೆ, 1937ರ ಅಕ್ಟೋಬರ್ 1ಕ್ಕೆ ಬಾಕಿಯಿದ್ದ ಬಡ್ಡಿ ವಜಾ. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದರೆ ಸಾಲವೇ ತೀರಿದ ಹಾಗೆ. ಸಾಹುಕಾರನ ಪುಸ್ತಕ ಏನೇ ಹೇಳಲಿ, ಇಲ್ಲಿಂದ ಮುಂದೆ ಇಲ್ಲ ಅಂತ ಕಾನೂನು ಗೆರೆ ಎಳೆದಿತ್ತು. ಆದರೆ ಎಷ್ಟು ಕಟ್ಟಿದ್ದೇನೆ ಅಂತ ತೋರಿಸಲು ಚೀಟಿ ಬೇಕಲ್ಲ? ಮುತ್ತಜ್ಜನ ಹತ್ತಿರ ಅದು ಇರಲಿಲ್ಲ.

ಅತ್ತೆಯ ಹತ್ತಿರ ಪಾಸ್‌ಬುಕ್ ಇತ್ತು. ಗೆರೆಯೂ ಇತ್ತು. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಹೊರಡಿಸಿದ, 2015ರ ಏಪ್ರಿಲ್ 1ರಿಂದ ಜಾರಿಯಾದ ಸುತ್ತೋಲೆ ನೇರವಾಗಿದೆ: ದಂಡ ಹಾಕುವ ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು, ಬರೀ ಈ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು. (ನಾನೂ ಇದನ್ನು ಅವತ್ತೇ ಮೊದಲ ಸಲ ಓದಿದ್ದು. ಸಂಬಳದ ಖಾತೆಯವರಿಗೆ ಇದೆಲ್ಲ ಯಾಕೆ ಬೇಕು!)

ಕೌಂಟರಿನಲ್ಲಿ "ಸಿಸ್ಟಮ್ ಕಟ್ ಮಾಡುತ್ತೆ, ನಮ್ಮ ಕೈಲಿಲ್ಲ" ಅಂದರು. ಕನ್ನಡದಲ್ಲೇ ಒಂದು ಪುಟ ಬರೆದು, ಸುತ್ತೋಲೆಯ ತಾರೀಖು ಹಾಕಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆ, ಅದಕ್ಕೆ ಶುಲ್ಕವೂ ಇಲ್ಲ ಅಂತ ಕೊನೆಯಲ್ಲಿ ಸೇರಿಸಿದ್ದೆವು.

ಇಪ್ಪತ್ತಾರನೇ ದಿನ 850 ವಾಪಸ್ ಬಂತು. ಫೋನ್ ಮಾಡಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಮೊದಲಿದ್ದ ಇನ್ನೂರ ಹನ್ನೆರಡು?"

ಎರಡನೇ ಅರ್ಜಿ ಬರೆಯುತ್ತಿದ್ದೇವೆ.