ಸಾಯದ ಆಟಕ್ಕೆ ಎಷ್ಟು ಮರುಹುಟ್ಟು?

2012ರ ಫೆಬ್ರುವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಡಬಲ್ ಫೈನ್ ಎಂಬ ವಿಡಿಯೊ ಗೇಮ್ ಕಂಪನಿ ಕಿಕ್‌ಸ್ಟಾರ್ಟರ್ ಮೂಲಕ ಜನರ ಮುಂದೆ ಕೈಯೊಡ್ಡಿತು. ಹಳೆಯ ಧಾಟಿಯ ಒಂದು ಅಡ್ವೆಂಚರ್ ಗೇಮ್ ಮಾಡುತ್ತೇವೆ, ಅದು ತಯಾರಾಗುವ ಬಗೆಯನ್ನು ಸಾಕ್ಷ್ಯಚಿತ್ರವಾಗಿಯೂ ತೋರಿಸುತ್ತೇವೆ, 4 ಲಕ್ಷ ಡಾಲರ್ ಬೇಕು ಎಂಬುದು ಕೋರಿಕೆ. ಇಂಥ ಆಟಕ್ಕೆ ಹಣ ಕೇಳಿದರೆ ದೊಡ್ಡ ಕಂಪನಿಗಳು ಮುಖದ ಮೇಲೇ ನಗುತ್ತವೆ ಎಂದು ಕಂಪನಿಯ ಮುಖ್ಯಸ್ಥ ಟಿಮ್ ಶೇಫರ್ ತಮಾಷೆಯಾಗಿ ಹೇಳಿಕೊಂಡಿದ್ದರು. ಒಂದು ದಿನ ತುಂಬುವ ಮೊದಲೇ ಮೊತ್ತ 10 ಲಕ್ಷ ಡಾಲರ್ ದಾಟಿತು. ಮಾರ್ಚ್‌ನಲ್ಲಿ ಲೆಕ್ಕ ಮುಗಿಸಿದಾಗ 87,000ಕ್ಕೂ ಹೆಚ್ಚು ಮಂದಿ 33 ಲಕ್ಷ ಡಾಲರ್ ಕೊಟ್ಟಿದ್ದರು. ವಿಡಿಯೊ ಗೇಮ್ ಎಂದರೆ ಮಕ್ಕಳು ಕೆಡುವ ಸುದ್ದಿಗಷ್ಟೇ ಜಾಗ ಕೊಡುತ್ತಿದ್ದ ಪತ್ರಿಕೆಗಳೂ ಅಂದು ಇದನ್ನು ಬರೆದವು. ಸತ್ತುಹೋಗಿದ್ದ ಅಡ್ವೆಂಚರ್ ಗೇಮ್‌ಗೆ ಜೀವ ಬಂದಿದೆ ಎಂಬುದು ಬಹುಪಾಲು ವರದಿಗಳ ಸಾರ.

ಹಣ ಬಂದದ್ದು ನಿಜ. ಸತ್ತದ್ದು ಯಾವಾಗ ಎಂಬುದೇ ಪ್ರಶ್ನೆ. ಈ ಪ್ರಕಾರದ ಐದು ದಶಕಗಳನ್ನು ತಿರುವಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಮುಖ್ಯವಾಹಿನಿಯ ಮಾಧ್ಯಮ ಈ ಆಟಗಳತ್ತ ತಿರುಗಿದಾಗಲೆಲ್ಲ ಅಲ್ಲಿ ಕಂಡದ್ದು ತನಗೆ ಮೊದಲೇ ಪರಿಚಯವಿದ್ದ ಬೇರೇನೋ. ಒಮ್ಮೆ ಕಾದಂಬರಿ, ಒಮ್ಮೆ ಕಲೆ, ಒಮ್ಮೆ ದುಡ್ಡು, ಒಮ್ಮೆ ಟಿ.ವಿ. ಧಾರಾವಾಹಿ. ಅದು ಕಾಣದಿದ್ದ ವರ್ಷಗಳನ್ನೆಲ್ಲ ಸಾವು ಎಂದು ಬರೆದುಕೊಂಡಿತು.

ಈ ಆಟದಲ್ಲಿ ಗುರಿಯಿಟ್ಟು ಹೊಡೆಯುವುದಿಲ್ಲ, ಓಡಿ ಗೆಲ್ಲುವುದಿಲ್ಲ. ಕಥೆಯೊಂದರ ಒಳಹೊಕ್ಕು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು, ಎದುರಾದವರನ್ನು ಮಾತನಾಡಿಸಿ, ಒಗಟು ಬಿಡಿಸುತ್ತ ಮುಂದೆ ಹೋಗಬೇಕು. ಪ್ರಕಾರಕ್ಕೆ ಹೆಸರು ಕೊಟ್ಟ ಮೊದಲ ಆಟ ‘ಅಡ್ವೆಂಚರ್’ 1976ರ ಸುಮಾರಿನದು. ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಇಂಟರ್ನೆಟ್‌ನ ಪೂರ್ವಜವಾದ ಆರ್ಪಾನೆಟ್‌ಗಾಗಿ ದುಡಿಯುತ್ತಿದ್ದವರು; ಬಿಡುವಿನಲ್ಲಿ ಕೆಂಟಕಿಯ ಮ್ಯಾಮತ್ ಗುಹೆಗಳೊಳಗೆ ತೆವಳಿ ನಕ್ಷೆ ಬರೆಯುವ ಹುಚ್ಚು. ವಿಚ್ಛೇದನದ ಬಳಿಕ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆಂದು ಆ ಗುಹೆಯನ್ನೇ ಬರೀ ಅಕ್ಷರಗಳಲ್ಲಿ ಕಟ್ಟಿದರು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಪರದೆಯಲ್ಲಿ ಚಿತ್ರವಿಲ್ಲ, ಎಲ್ಲಿದ್ದೀರಿ ಎಂದು ಕಂಪ್ಯೂಟರ್ ಹೇಳುತ್ತದೆ, ಏನು ಮಾಡಬೇಕೆಂದು ಒಂದೆರಡು ಪದ ಟೈಪ್ ಮಾಡಬೇಕು.

ಇದರ ಬೆನ್ನಿಗೇ ಎಂಐಟಿಯ ಗೆಳೆಯರು ಜೋರ್ಕ್ ಬರೆದರು, 1979ರಲ್ಲಿ ಇನ್ಫೋಕಾಂ ಕಂಪನಿ ಕಟ್ಟಿದರು. ಅವರ 1982ರ ಡೆಡ್‌ಲೈನ್ ಒಂದು ಪತ್ತೇದಾರಿ ಆಟ. ಪೆಟ್ಟಿಗೆ ಬಿಚ್ಚಿದರೆ ಡಿಸ್ಕ್ ಜೊತೆಗೆ ಪೊಲೀಸ್ ವರದಿಗಳು, ಸಾಕ್ಷ್ಯವೆಂದು ಪುಟ್ಟ ಚೀಲದಲ್ಲಿ ಮಾತ್ರೆಗಳು. 1983ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ಪುರವಣಿ ಅದರ ಮೇಲೆ ಲೇಖನ ಪ್ರಕಟಿಸಿತು. ಬರೆದವರು ಎಡ್ವರ್ಡ್ ರೋಥ್‌ಸ್ಟೈನ್. ಓದುಗನೂ ಪಾಲ್ಗೊಳ್ಳುವ ಕಾದಂಬರಿ ಎಂಬ ನೆಲೆಯಲ್ಲಿ ಅವರು ಅದನ್ನು ಪರಿಚಯಿಸಿದರು. ಮುಂದಿನ ವರ್ಷ ಡಗ್ಲಸ್ ಆಡಮ್ಸ್ ತಮ್ಮ ಹಿಚ್‌ಹೈಕರ್ಸ್ ಗೈಡ್ ಕಾದಂಬರಿಯನ್ನು ಇನ್ಫೋಕಾಂ ಜೊತೆ ಸೇರಿ ಆಟವಾಗಿಸಿದರು. ಮುಂದೆ ಅಮೆರಿಕದ ರಾಷ್ಟ್ರಕವಿಯಾಗಲಿದ್ದ ರಾಬರ್ಟ್ ಪಿನ್ಸ್ಕಿ ಕೂಡ ಮೈಂಡ್‌ವೀಲ್ ಎಂಬ ಅಕ್ಷರದಾಟ ಬರೆದರು. ಪುಸ್ತಕ ವಿಮರ್ಶಕರಿಗೆ ಇದೆಲ್ಲ ಹಿಡಿಸುವುದು ಸಹಜವೇ. ಆದರೆ ಇನ್ಫೋಕಾಂ ಡೇಟಾಬೇಸ್ ವ್ಯವಹಾರಕ್ಕೆ ಕೈಹಾಕಿ ಸುಟ್ಟುಕೊಂಡಿತು, 1986ರಲ್ಲಿ ಆಕ್ಟಿವಿಷನ್ ಪಾಲಾಯಿತು, 1989ರಲ್ಲಿ ಬಾಗಿಲು ಹಾಕಿತು. ಕಾದಂಬರಿಯ ಮಾತು ಅಲ್ಲಿಗೆ ನಿಂತಿತು.

ಆಟ ನಿಂತಿರಲಿಲ್ಲ. 1980ರಲ್ಲಿ ರೋಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ ಮಿಸ್ಟರಿ ಹೌಸ್‌ನಲ್ಲಿ ಚಿತ್ರ ಸೇರಿಸಿದ್ದರು. 1984ರ ಅವರ ಕಿಂಗ್ಸ್ ಕ್ವೆಸ್ಟ್‌ನಲ್ಲಿ ನಾಯಕ ಪರದೆಯ ಮೇಲೆ ನಡೆದಾಡಿದ. 1987ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಟೈಪ್ ಮಾಡುವ ಕಷ್ಟ ತಪ್ಪಿಸಿ, ತೋರಿಸಿ ಒತ್ತುವ ಕ್ರಮ ತಂದರು. 1990ರ ಮಂಕಿ ಐಲ್ಯಾಂಡ್ ಅದರ ಹದಗೊಂಡ ರೂಪ. ನನ್ನ ಮಟ್ಟಿಗೆ ಈ ಪ್ರಕಾರದ ಹಾಸ್ಯ ಅದನ್ನು ಮೀರಿದ್ದು ಕಡಿಮೆ. ಕಂಪ್ಯೂಟರ್ ಪತ್ರಿಕೆಗಳಾಚೆ ಇವನ್ನು ಗಂಭೀರವಾಗಿ ಗಮನಿಸಿದವರು ವಿರಳ.

ಗಮನ ಮರಳಿದ್ದು 1993ರ ಮಿಸ್ಟ್‌ನಿಂದ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಬಳಿ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಮಾಡಿದ ಆಟ. ನಿರ್ಜನ ದ್ವೀಪ, ನಿಶ್ಚಲ ಚಿತ್ರಗಳು, ಎಲ್ಲೋ ಅಲೆಗಳ ಸದ್ದು. ಸಾಯುವ ಭಯವಿಲ್ಲ, ಗಡಿಯಾರದ ಒತ್ತಡವಿಲ್ಲ. ಸಿಡಿ-ರಾಮ್ ಡ್ರೈವ್ ಕೊಳ್ಳಲು ನೆಪ ಹುಡುಕುತ್ತಿದ್ದ ಮಧ್ಯಮ ವರ್ಗದ ಅಮೆರಿಕನ್ನರಿಗೆ ಅದು ಸಿಕ್ಕಿತು. 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, 2002ರಲ್ಲಿ ದಿ ಸಿಮ್ಸ್ ಹಿಂದಿಕ್ಕುವವರೆಗೂ ಅತಿ ಹೆಚ್ಚು ಮಾರಾಟವಾದ ಪಿಸಿ ಗೇಮ್ ಎಂಬ ಪಟ್ಟ ಅದಕ್ಕಿತ್ತು. 1994ರ ಆಗಸ್ಟ್‌ನಲ್ಲಿ ವೈರ್ಡ್ ಸುದೀರ್ಘ ಲೇಖನ ಬರೆಯಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಇದರಿಂದ ಹೊಸ ಕಲಾಪ್ರಕಾರವೇ ಹುಟ್ಟಬಹುದು ಎಂದಿತು. ಬರೆದವರು ಮತ್ತೆ ಅದೇ ರೋಥ್‌ಸ್ಟೈನ್. ಈ ಹೊತ್ತಿಗೆ ಅವರು ಆ ಪತ್ರಿಕೆಯ ಸಂಗೀತ ವಿಮರ್ಶಕ. ಹನ್ನೊಂದು ವರ್ಷಗಳ ನಡುವೆ ಆ ಬಗೆಯ ನೂರಾರು ಆಟ ಬಂದಿದ್ದರೂ, ಪ್ರಕಾರ ಪ್ರತಿ ಸಲ ಈಗಷ್ಟೇ ಕಣ್ಣು ಬಿಟ್ಟ ಹಾಗೆ ಪರಿಚಯವಾಗುತ್ತಿತ್ತು.

ಮಿಸ್ಟ್‌ನ ಯಶಸ್ಸು ಪ್ರಕಾರಕ್ಕೆ ಒಳ್ಳೆಯದನ್ನೇ ಮಾಡಿತೆನ್ನಲಾಗದು. ಅದನ್ನು ನಕಲು ಮಾಡಿದ ನೀರಸ ಆಟಗಳು ಅಂಗಡಿ ತುಂಬಿದವು. ಸಿಡಿ ಬಂದಮೇಲೆ ನಟರು, ಧ್ವನಿ, ವಿಡಿಯೊ ಎಂದು ಖರ್ಚು ಏರಿತು. ವಿಲಿಯಮ್ಸ್ ದಂಪತಿ ಕಟ್ಟಿದ್ದ ಸಿಯೆರಾ ಕಂಪನಿಯ 1995ರ ಫ್ಯಾಂಟಸ್ಮಗೋರಿಯ ಏಳು ಸಿಡಿಗಳಲ್ಲಿ ಬಂತು. ಅತ್ತ ಡೂಮ್, ಕ್ವೇಕ್‌ಗಳು ತ್ರೀಡಿಯ ರುಚಿ ಹತ್ತಿಸಿದ್ದವು. 1998ರಲ್ಲಿ ಟಿಮ್ ಶೇಫರ್ ಅವರದೇ ಗ್ರಿಮ್ ಫ್ಯಾಂಡಾಂಗೊ ವಿಮರ್ಶಕರಿಂದ ಪ್ರಶಸ್ತಿಗಳನ್ನು ಬಾಚಿಕೊಂಡಿತು, ಅಂಗಡಿಯಲ್ಲಿ ಕುಳಿತೇ ಉಳಿಯಿತು. 1999ರಲ್ಲಿ ಸಿಯೆರಾ ತಾನು ಬೆಳೆದ ಓಕ್‌ಹರ್ಸ್ಟ್‌ನ ಸ್ಟುಡಿಯೊ ಮುಚ್ಚಿತು. 2004ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಗೇಮ್ ಕಂಪನಿ ಲ್ಯೂಕಾಸ್‌ಆರ್ಟ್ಸ್ ತಯಾರಾಗುತ್ತಿದ್ದ ಸ್ಯಾಮ್ ಅಂಡ್ ಮ್ಯಾಕ್ಸ್ ಆಟವನ್ನೇ ಕೈಬಿಟ್ಟಿತು.

ಮರಣಪತ್ರ ಬರೆದದ್ದು ಮಾತ್ರ ದೊಡ್ಡ ಪತ್ರಿಕೆಯಲ್ಲ, ಓಲ್ಡ್ ಮ್ಯಾನ್ ಮರ್ರಿ ಎಂಬ ತರಲೆ ತಾಣ. 2000ದಲ್ಲಿ ಅಲ್ಲಿ ಎರಿಕ್ ವುಲ್ಪಾ ಗೇಬ್ರಿಯಲ್ ನೈಟ್ 3 ಎಂಬ ಆಟದ ಒಂದೇ ಒಂದು ಒಗಟನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸಿದರು. ನಾಯಕನಿಗೆ ಬಾಡಿಗೆ ಬೈಕ್ ಬೇಕು, ಅದಕ್ಕಾಗಿ ಗೆಳೆಯನ ವೇಷ ಹಾಕಬೇಕು. ಗೋದಾಮಿನ ಬಾಗಿಲ ತೂತಿಗೆ ಟೇಪ್ ಅಂಟಿಸಬೇಕು, ಬೆಕ್ಕನ್ನು ಬೆದರಿಸಿ ಆ ತೂತಿನಲ್ಲಿ ನುಗ್ಗಿಸಬೇಕು, ಟೇಪಿಗೆ ಹತ್ತಿದ ಕೂದಲನ್ನು ಮೇಪಲ್ ಪಾಕದಿಂದ ಮೂಗಿನಡಿ ಅಂಟಿಸಿಕೊಂಡು ಮೀಸೆ ಮಾಡಿಕೊಳ್ಳಬೇಕು. ಇಷ್ಟಕ್ಕೂ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅದಕ್ಕೆಂದು ಅವನ ಪಾಸ್‌ಪೋರ್ಟ್ ಫೋಟೊ ಮೇಲೆ ಮಾರ್ಕರ್‌ನಿಂದ ಮೀಸೆ ಗೀಚಬೇಕು. ಅಡ್ವೆಂಚರ್ ಗೇಮ್ ಅನ್ನು ಯಾರೂ ಕೊಲ್ಲಲಿಲ್ಲ, ಅದು ಆತ್ಮಹತ್ಯೆ ಮಾಡಿಕೊಂಡಿತು ಎಂಬುದು ವುಲ್ಪಾ ತೀರ್ಪು. ವಾದ ಚುರುಕಾಗಿತ್ತು, ನಗು ತರಿಸುತ್ತಿತ್ತು, ಹಾಗಾಗಿ ಉಳಿದುಕೊಂಡಿತು. ಆದರೆ ಒಂದು ಕೆಟ್ಟ ಒಗಟಿನಿಂದ ಒಂದು ಪ್ರಕಾರ ಸಾಯುವುದಿಲ್ಲ. ಕೆಟ್ಟ ಒಗಟುಗಳ ಬಗ್ಗೆ ರಾನ್ ಗಿಲ್ಬರ್ಟ್ 1989ರಲ್ಲೇ ಖಾರವಾದ ಪ್ರಬಂಧ ಬರೆದಿದ್ದರು, ಅದಾದಮೇಲೆಯೇ ಪ್ರಕಾರದ ಅತ್ಯುತ್ತಮ ದಶಕ ಬಂದದ್ದು. ಹೋದದ್ದು ಅಮೆರಿಕದ ಎರಡು ದೊಡ್ಡ ಕಂಪನಿಗಳ ಆಸಕ್ತಿ, ಅದರೊಂದಿಗೆ ಅಂಗಡಿಯ ಕಪಾಟಿನ ಜಾಗ.

ಅದೇ ವರ್ಷಗಳಲ್ಲಿ ಬೇರೆಡೆ ಏನಾಗುತ್ತಿತ್ತು? ನಾರ್ವೆಯಿಂದ 1999ರಲ್ಲಿ ದಿ ಲಾಂಗೆಸ್ಟ್ ಜರ್ನಿ ಬಂತು. ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಬೆನ್ವಾ ಸೊಕಾಲ್ 2002ರಲ್ಲಿ ಸೈಬೀರಿಯ ಕೊಟ್ಟರು. ಜರ್ಮನಿಯಲ್ಲಿ ಇವಕ್ಕೆ ಮಾರುಕಟ್ಟೆ ಮುಗಿಯಲೇ ಇಲ್ಲ. ಹ್ಯಾಂಬರ್ಗ್‌ನಲ್ಲಿ 2007ರಲ್ಲಿ ಶುರುವಾದ ಡೈಡಾಲಿಕ್ ಇದನ್ನೇ ನಂಬಿ ಬೆಳೆಯಿತು. ಜಪಾನಿನಲ್ಲಂತೂ 1983ರ ಪೋರ್ಟೊಪಿಯ ಕೊಲೆ ಪ್ರಕರಣದಿಂದ ಈಚೆಗೆ ಸರಪಳಿ ತುಂಡಾದದ್ದೇ ಇಲ್ಲ. 2001ರಲ್ಲಿ ಅಲ್ಲಿ ಹುಟ್ಟಿದ ವಕೀಲ ಫೀನಿಕ್ಸ್ ರೈಟ್, 2007ರ ಪ್ರೊಫೆಸರ್ ಲೇಟನ್ ಇಬ್ಬರೂ ನಿಂಟೆಂಡೊ ಡಿಎಸ್ ಏರಿ ಪಶ್ಚಿಮಕ್ಕೆ ಬಂದರು. ಕಡ್ಡಿಯಿಂದ ಪರದೆ ಮುಟ್ಟುವ ಆ ಪುಟ್ಟ ಯಂತ್ರ ಇಂಥ ಆಟಕ್ಕೆಂದೇ ಮಾಡಿದ ಹಾಗಿತ್ತು. ಲೇಟನ್‌ನ ಲಕ್ಷಾಂತರ ಪ್ರತಿಗಳು ಹೋದವು, ಆದರೆ ಅದನ್ನು ‘ಮೆದುಳಿನ ವ್ಯಾಯಾಮ’ದ ಲೆಕ್ಕಕ್ಕೆ ಸೇರಿಸಿದವರೇ ಹೆಚ್ಚು. ಇನ್ನು ಹವ್ಯಾಸಿಗಳು 1997ರಿಂದಲೇ ಕ್ರಿಸ್ ಜೋನ್ಸ್ ಅವರ ಉಚಿತ ಅಡ್ವೆಂಚರ್ ಗೇಮ್ ಸ್ಟುಡಿಯೊ ಬಳಸಿ ಮನೆಯಲ್ಲೇ ಆಟ ಕಟ್ಟುತ್ತಿದ್ದರು. ನ್ಯೂಯಾರ್ಕ್‌ನ ಡೇವ್ ಗಿಲ್ಬರ್ಟ್ 2006ರಿಂದ ಅದರಲ್ಲೇ ಜೀವನ ಕಂಡುಕೊಂಡರು. ಜೆಕ್ ದೇಶದ ಮಷಿನಾರಿಯಮ್ 2009ರಲ್ಲಿ ಒಂದೂ ಮಾತಿಲ್ಲದೆ ಇಡೀ ಕಥೆ ಹೇಳಿತು.

2012ರ ವರದಿಗಳಲ್ಲಿ ಇವುಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಅವರಿಗೆ ಸುದ್ದಿಯಾದದ್ದು ಆಟವಲ್ಲ, ಜನರಿಂದಲೇ ಹಣ ಎತ್ತುವ ವಿಧಾನ. ಶೇಫರ್ ಆಟಕ್ಕೆ ಆಗ ಹೆಸರೂ ಇರಲಿಲ್ಲ, ಕಥೆಯೂ ಇರಲಿಲ್ಲ. ಬಂದ ಹಣವೂ ಸಾಲಲಿಲ್ಲ. ಬ್ರೋಕನ್ ಏಜ್ ಎಂಬ ಹೆಸರಲ್ಲಿ ಎರಡು ತುಂಡಾಗಿ 2014ರ ಜನವರಿಯಲ್ಲಿ ಅರ್ಧ, 2015ರ ಏಪ್ರಿಲ್‌ನಲ್ಲಿ ಉಳಿದರ್ಧ ಬಂತು. ಚೆಲುವಾದ ಆಟ, ಎರಡನೆಯ ಭಾಗ ಸೊರಗಿದ್ದು. ಈ ವಿಳಂಬದ ಮೇಲೂ ಸಾಕಷ್ಟು ಬರಹ ಬಂದವು. ಅವುಗಳ ಧಾಟಿ ಸಾಲ ಕೊಟ್ಟವನದು, ಆಟ ಆಡಿದವನದಲ್ಲ.

2012ರಲ್ಲೇ ಇನ್ನೊಂದು ಘಟನೆ ನಡೆಯಿತು, ಪರಿಣಾಮದಲ್ಲಿ ಶೇಫರ್ ಅವರ ಹಣಸಂಗ್ರಹಕ್ಕಿಂತ ದೊಡ್ಡದು. ಲ್ಯೂಕಾಸ್‌ಆರ್ಟ್ಸ್‌ನಿಂದ ಹೊರಬಂದವರು 2004ರಲ್ಲಿ ಕಟ್ಟಿದ್ದ ಟೆಲ್‌ಟೇಲ್, ದಿ ವಾಕಿಂಗ್ ಡೆಡ್ ಅನ್ನು ಐದು ಕಂತುಗಳಲ್ಲಿ ಹೊರತಂದಿತು. ಒಗಟು ಹೆಸರಿಗಷ್ಟೇ, ಯಾರನ್ನು ಉಳಿಸಬೇಕು, ಪುಟ್ಟ ಕ್ಲೆಮೆಂಟೈನ್‌ಗೆ ಏನು ಹೇಳಬೇಕು ಎಂಬ ನಿರ್ಧಾರಗಳೇ ಆಟ. ಸ್ಪೈಕ್ ಟಿ.ವಿ.ಯ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಅದಕ್ಕೆ ಹೋಯಿತು. ಟಿ.ವಿ. ಧಾರಾವಾಹಿಯಾಗಿ ಮನೆಮಾತಾಗಿದ್ದ ಹೆಸರು, ಕಂತುಗಳ ಕ್ರಮ ಎರಡೂ ಸಾಮಾನ್ಯ ಪತ್ರಕರ್ತರಿಗೆ ಗೊತ್ತಿದ್ದವು. ಆ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯವೂ ಮಿಸ್ಟ್ ಸೇರಿದಂತೆ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿತು. ಮರುಹುಟ್ಟಿನ ಕಥೆಗೆ ಇನ್ನೇನು ಬೇಕು?

ಟೆಲ್‌ಟೇಲ್ ಅದೇ ಎರಕದಲ್ಲಿ ಬ್ಯಾಟ್‌ಮ್ಯಾನ್, ಗೇಮ್ ಆಫ್ ಥ್ರೋನ್ಸ್ ಎಂದು ಸುರಿದು ದಣಿಸಿತು, 2018ರ ಸೆಪ್ಟೆಂಬರ್‌ನಲ್ಲಿ ಕುಸಿಯಿತು. ಸುಮಾರು 250 ಮಂದಿ ಒಂದೇ ದಿನ ಕೆಲಸ ಕಳೆದುಕೊಂಡರು. ಈ ಸಲ ಪ್ರಕಾರ ಸತ್ತಿತೆಂಬ ಮಾತು ಅಷ್ಟಾಗಿ ಕೇಳಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಒಳ್ಳೆಯ ಆಟಗಳು ಬೇರೆ ಹೆಸರು ತೊಟ್ಟಿದ್ದವು. ನ್ಯೂಯಾರ್ಕ್ ಟೈಮ್ಸ್ ಮೆಚ್ಚಿ ವಿಮರ್ಶಿಸಿದ 2013ರ ಗಾನ್ ಹೋಮ್, ಮೊದಲು ಗೇಲಿಗೆಂದು ಇಟ್ಟ ‘ವಾಕಿಂಗ್ ಸಿಮ್ಯುಲೇಟರ್’ ಹೆಸರಿನ ಗುಂಪಿಗೆ ಸೇರಿತು. ಟೈಮ್ ಪತ್ರಿಕೆ 2014ರ ಗೇಮ್‌ಗಳಲ್ಲಿ ಮೊದಲ ಸ್ಥಾನ ಕೊಟ್ಟ 80 ಡೇಸ್, ಭಾರತೀಯ ಮೂಲದ ಮೇಘ್ನಾ ಜಯಂತ್ ಬರೆದದ್ದು, ಇನ್ಫೋಕಾಂನ ನೇರ ವಂಶ. ಎಸ್ತೋನಿಯದ ಲೇಖಕ ರಾಬರ್ಟ್ ಕುರ್ವಿಟ್ಸ್ ಅವರ 2019ರ ಡಿಸ್ಕೊ ಎಲಿಸಿಯಂನಲ್ಲಿ ಮಾಡುವುದೆಲ್ಲ ಓದು, ಮಾತು, ತನಿಖೆ. ಪಟ್ಟಿಗಳಲ್ಲಿ ಅದು ರೋಲ್ ಪ್ಲೇಯಿಂಗ್ ಗೇಮ್. 2023ರ ವೆಂಬಾದಲ್ಲಿ ಟೊರಾಂಟೊಗೆ ವಲಸೆ ಹೋದ ತಮಿಳು ತಾಯಿಯ ಹರಿದ ಅಡುಗೆ ಪುಸ್ತಕದಿಂದ ಇಡ್ಲಿ ಬೇಯಿಸುವುದೇ ಮೊದಲ ಒಗಟು. ಪತ್ರಿಕೆಗಳು ಅದನ್ನು ವಲಸೆ, ಊಟಗಳ ಪುಟದಲ್ಲಿ ಇಟ್ಟು ಚರ್ಚಿಸಿದವು.

2025ರ ಏಪ್ರಿಲ್‌ನಲ್ಲಿ ಎರಡು ಆಟಗಳು ಬಂದವು. ಕೋಣೆ ಕೋಣೆಯಾಗಿ ಬದಲಾಗುವ ಬಂಗಲೆಯಲ್ಲಿ ಗುಟ್ಟು ಹುಡುಕುವ ಬ್ಲೂ ಪ್ರಿನ್ಸ್ ಮಿಸ್ಟ್‌ನ ಮೊಮ್ಮಗುವೇ ಸರಿ. ಅದಕ್ಕೆ ಹೊಗಳಿಕೆಯ ಮಳೆ ಸುರಿಯಿತು, ಬಹಳಷ್ಟು ವಿಮರ್ಶೆಗಳು ಅದನ್ನು ಪಜಲ್ ಎಂದೋ ರೋಗ್‌ಲೈಕ್ ಎಂದೋ ಕರೆದವು. ಇನ್ನೊಂದು ಡೇವ್ ಗಿಲ್ಬರ್ಟ್ ಅವರ ಓಲ್ಡ್ ಸ್ಕೈಸ್, ಕಾಲಪ್ರಯಾಣದ ಕಥೆ. ಅದು ತನ್ನನ್ನು ಅಡ್ವೆಂಚರ್ ಗೇಮ್ ಎಂದೇ ಕರೆದುಕೊಂಡಿತು. ಗಿಲ್ಬರ್ಟ್ ಅವರ ಕಂಪನಿ 2006ರಿಂದಲೂ ತನ್ನ ಆಟಗಳನ್ನು ಹಾಗೆಯೇ ಕರೆಯುತ್ತಿದೆ.