ಆರು ಸಿಲಿಂಡರ್, ಎರಡು ಸೈಲೆನ್ಸರ್

ನಮ್ಮಲ್ಲಿ ಮಫ್ಲರ್ ಎಂದರೆ ಮಾಗಿಯ ಚಳಿಗೆ ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಳ್ಳುವ ಉಣ್ಣೆಯ ಬಟ್ಟೆ. ಅಮೆರಿಕದವರಿಗೆ ಅದು ಕಾರಿನ ಹೊಟ್ಟೆಯಡಿ ನೇತಾಡುವ ತಗಡಿನ ಡಬ್ಬಿ. ಅದೇ ಡಬ್ಬಿಯನ್ನು ಇಂಗ್ಲಿಷರು ಸೈಲೆನ್ಸರ್ ಎಂದರು, ನಾವು ಅವರ ಪದವನ್ನೇ ಉಳಿಸಿಕೊಂಡೆವು. ಎರಡೂ ಹೆಸರುಗಳ ಉದ್ದೇಶ ಒಂದೇ, ಬಾಯಿ ಮುಚ್ಚಿಸುವುದು. 1897ರ ಮೇ ತಿಂಗಳಲ್ಲಿ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು ಅದಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಐವತ್ತು ವರ್ಷ ಕಳೆಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಗರಗಸ ಹಿಡಿದು ಆ ಬಾಯಿಯನ್ನು ಮತ್ತೆ ಬಿಚ್ಚಲು ಕೂತಿದ್ದರು.

ಹುಡುಗರಲ್ಲಿ ಎರಡು ಪಂಗಡ. ಫೋರ್ಡ್ ಕಾರಿನವರು ಮತ್ತು ಷೆವರ್ಲೆ ಕಾರಿನವರು. ಮೋಟಾರು ಚರಿತ್ರೆ ಬರೆದವರು ಹೆಚ್ಚಾಗಿ ಮೊದಲನೆಯವರ ಬಗ್ಗೆಯೇ ಬರೆದಿದ್ದಾರೆ. ನನಗೆ ಕುತೂಹಲ ಇರುವುದು ಎರಡನೆಯವರ ಬಗ್ಗೆ.

1929ರಲ್ಲಿ ಷೆವರ್ಲೆ ಕಂಪನಿ ತನ್ನ ಅಗ್ಗದ ಕಾರಿಗೆ ಆರು ಸಿಲಿಂಡರಿನ ಎಂಜಿನ್ ಕೂರಿಸಿತು. ಅಷ್ಟೇ ದುಡ್ಡಿಗೆ ಫೋರ್ಡ್ ಕೊಡುತ್ತಿದ್ದದ್ದು ನಾಲ್ಕು ಸಿಲಿಂಡರ್. ಜನ ಮುಗಿಬಿದ್ದು ಕೊಂಡರು. ಹೊಸ ಎಂಜಿನ್ನಿನಲ್ಲಿ ಬಳಸಿದ್ದ ಬೋಲ್ಟುಗಳು ಸೌದೆ ಒಲೆಯ ಬೋಲ್ಟುಗಳಂತೆ ಕಾಣುತ್ತಿದ್ದವು, ಹಾಗಾಗಿ ಅದಕ್ಕೆ 'ಸ್ಟೋವ್‌ಬೋಲ್ಟ್' ಎಂಬ ಅಡ್ಡಹೆಸರು ಅಂಟಿತು. ಗಟ್ಟಿಮುಟ್ಟಾದ, ಅವಸರವಿಲ್ಲದ ಎಂಜಿನ್. ಕನೆಕ್ಟಿಂಗ್ ರಾಡಿನ ಬುಡದಲ್ಲಿ ಪುಟ್ಟ ಸೌಟಿನಂಥ ತುದಿಯೊಂದು ಇರುತ್ತಿತ್ತು. ಅದು ಸುತ್ತುಸುತ್ತಿಗೂ ಎಣ್ಣೆಯಲ್ಲಿ ಅದ್ದಿಕೊಂಡು ಬೇರಿಂಗಿಗೆ ಎಣ್ಣೆ ಉಣಿಸುತ್ತಿತ್ತು. ಹೀಗೆ ಸೌಟಿನಲ್ಲಿ ಬಡಿಸಿಕೊಂಡು ಬದುಕುವ ಎಂಜಿನ್ನನ್ನು ಓಟದ ಕುದುರೆ ಮಾಡುವುದು ಕಷ್ಟ. ನಮ್ಮ ರಸ್ತೆಗಳಿಗೂ ಅದು ಅಪರಿಚಿತವಲ್ಲ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದು, 1954ರಲ್ಲಿ ಬಾಗಿಲು ಹಾಕುವವರೆಗೆ ಷೆವರ್ಲೆಗಳನ್ನು ಇಲ್ಲಿಯೇ ಕಟ್ಟಿ ಮಾರುತ್ತಿತ್ತು.

1932ರಲ್ಲಿ ಹೆನ್ರಿ ಫೋರ್ಡ್ ತಿರುಗೇಟು ಕೊಟ್ಟ. ಆರಲ್ಲ, ಎಂಟು ಸಿಲಿಂಡರ್. ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಇಂಗ್ಲಿಷಿನ ವಿ ಅಕ್ಷರದಂತೆ. ಆ ವರ್ಷ ಫೋರ್ಡಿನ ಶಕ್ತಿ 65 ಅಶ್ವಶಕ್ತಿ, ಷೆವರ್ಲೆಯದು 60. ಅಂಕಿಯಲ್ಲಿ ಅಂತರ ದೊಡ್ಡದಲ್ಲ, ಆದರೆ ಮುಂದಿನ ಇಪ್ಪತ್ತು ವರ್ಷ ಕ್ಯಾಲಿಫೋರ್ನಿಯಾದ ಒಣಕೆರೆಗಳ ಅಂಗಳದಲ್ಲಿ ನಡೆದ ಪಂದ್ಯಗಳಲ್ಲಿ ಫೋರ್ಡಿನದೇ ರಾಜ್ಯಭಾರ. ಜೋಡಿ ಸೈಲೆನ್ಸರ್ ವಿಷಯದಲ್ಲೂ ಅವರ ಕೆಲಸ ಸಲೀಸು. ವಿ-8 ಎಂಜಿನ್ನಿಗೆ ಹುಟ್ಟಿನಿಂದಲೇ ಎಡಕ್ಕೊಂದು, ಬಲಕ್ಕೊಂದು ಹೊಗೆಯ ದಾರಿ. ಕಾರ್ಖಾನೆಯವರು ಖರ್ಚು ಉಳಿಸಲು ಎರಡನ್ನೂ ಒಂದೇ ಪೈಪಿಗೆ ಸೇರಿಸಿರುತ್ತಿದ್ದರು. ಅದನ್ನು ಬಿಡಿಸಿ ಇನ್ನೊಂದು ಪೈಪ್ ಎಳೆದರೆ ಮುಗಿಯಿತು.

ಷೆವರ್ಲೆಯ ಆರೂ ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿವೆ. ಆರರ ಹೊಗೆಯೂ ಒಂದೇ ಮ್ಯಾನಿಫೋಲ್ಡಿಗೆ, ಅಂದರೆ ಪಕ್ಕದಲ್ಲಿ ಬಿಗಿದ ಬೀಡು ಕಬ್ಬಿಣದ ಒಂದೇ ಕೊಳವೆಗೆ ಬಂದು, ನಡುವಿನ ಒಂದೇ ತೂತಿನಿಂದ ಕೆಳಗಿಳಿಯುತ್ತದೆ. ಎರಡು ಸೈಲೆನ್ಸರ್ ಬೇಕೆಂದರೆ ಆ ಬೀಡನ್ನೇ ಸೀಳಬೇಕು.

ಎಲ್ಲಿ ಸೀಳಬೇಕು ಎಂಬುದರಲ್ಲಿ ಈ ಎಂಜಿನ್ನಿನ ಒಂದು ಸೊಗಸಾದ ಲೆಕ್ಕ ಅಡಗಿದೆ. ಸಾಲು ಆರರಲ್ಲಿ ಕಿಡಿ ಹತ್ತುವ ಸರದಿ 1-5-3-6-2-4. ಒಮ್ಮೆ ಬೆರಳು ಮಡಿಸಿ ನೋಡಿ. ಒಂದು ಮುಂದಿನದು, ಐದು ಹಿಂದಿನದು, ಮೂರು ಮುಂದಿನದು, ಆರು ಹಿಂದಿನದು, ಎರಡು ಮುಂದಿನದು, ನಾಲ್ಕು ಹಿಂದಿನದು. ಮುಂದಿನ ಮೂರು, ಹಿಂದಿನ ಮೂರು ಎಂದು ಭಾಗ ಮಾಡಿದರೆ, ಎರಡು ಗುಂಪುಗಳೂ ಜುಗಲ್ಬಂದಿಯ ಹಾಗೆ ಒಂದಾದ ಮೇಲೊಂದು ತಪ್ಪದೆ ಉಸಿರು ಬಿಡುತ್ತವೆ. ಪ್ರತಿ ಗುಂಪಿನಲ್ಲೂ ಎರಡು ಉಸಿರುಗಳ ನಡುವೆ ಕ್ರ್ಯಾಂಕ್ ಸರಿಯಾಗಿ 240 ಡಿಗ್ರಿ ತಿರುಗಿರುತ್ತದೆ. ಹೊಗೆಯ ವಾಲ್ವ್ ತೆರೆದಿರುವ ಅವಧಿಯೂ ಸುಮಾರು ಅಷ್ಟೇ. ಒಬ್ಬ ಹೊರಗೆ ಕಾಲಿಡುವ ಹೊತ್ತಿಗೆ ಇನ್ನೊಬ್ಬ ಬಾಗಿಲಿಗೆ ಬರುತ್ತಾನೆ, ನೂಕುನುಗ್ಗಲಿಲ್ಲ. ವಿ-8ಕ್ಕೆ ಈ ಭಾಗ್ಯ ಇಲ್ಲ. ಅದರ ಒಂದು ಪಕ್ಕದ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯುವುದಿಲ್ಲ, ಅದರ ಹೆಸರಾಂತ ಗುಡುಗುಡು ಸದ್ದು ಹುಟ್ಟುವುದು ಆ ಏರುಪೇರಿನಿಂದಲೇ. ಅಂದರೆ ಯಾರನ್ನು ಬಡವರ ಎಂಜಿನ್ ಎಂದು ನಕ್ಕರೋ ಅದನ್ನೇ ಎರಡು ಪೈಪಿಗೆ ಹೇಳಿ ಮಾಡಿಸಿದಂತಿತ್ತು.

ಲೆಕ್ಕ ಸುಲಭ, ಕೈಕೆಲಸ ಅಲ್ಲ. ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರಿನ ನಡುವೆ ಮ್ಯಾನಿಫೋಲ್ಡನ್ನು ಕೊಯ್ದು, ಕೊಯ್ದ ಬಾಯಿಗಳಿಗೆ ಉಕ್ಕಿನ ತಟ್ಟೆ ಮುಚ್ಚಿ, ಇನ್ನೊಂದು ಕಡೆ ಹೊಸ ತೂತು ಮಾಡಿ, ಅದಕ್ಕೆ ಪೈಪ್ ಬೆಸೆಯಬೇಕು. ಬೀಡು ಕಬ್ಬಿಣ ಸಿಟ್ಟಿನ ಲೋಹ. ತಣ್ಣಗಿರುವಾಗ ಒಂದೇ ಕಡೆ ಬೆಂಕಿ ತಾಗಿಸಿದರೆ ಟಪ್ಪೆಂದು ಬಿರಿಯುತ್ತದೆ. ಹಾಗಾಗಿ ಇಡೀ ತುಂಡನ್ನು ಮೊದಲು ಕಾಯಿಸಬೇಕು, ಹಿತ್ತಾಳೆಯಲ್ಲೋ ನಿಕ್ಕಲ್ ಕಡ್ಡಿಯಲ್ಲೋ ಬೆಸೆಯಬೇಕು, ಆಮೇಲೆ ಬೂದಿಯಲ್ಲೋ ಸುಣ್ಣದಲ್ಲೋ ಹೂತಿಟ್ಟು ತಾನಾಗಿ ಆರಲು ಬಿಡಬೇಕು. ಆತುರದವನ ಬೆಸುಗೆ ಮೊದಲ ಬೆಟ್ಟ ಹತ್ತುವಾಗಲೇ ಸೀಳುತ್ತಿತ್ತು. ಪೈಪಿನ ದಾರಿ ಹುಡುಕುವುದು ಇನ್ನೊಂದು ತಲೆನೋವು. ಕಾರ್ಖಾನೆಯವರು ಜಾಗ ಬಿಟ್ಟಿರುವುದು ಒಂದೇ ಪೈಪಿಗೆ. ಎರಡನೆಯದು ಗೇರ್‌ಬಾಕ್ಸಿನ ಅಡಿಯಲ್ಲಿ ನುಸುಳಿ ಇನ್ನೊಂದು ಪಕ್ಕಕ್ಕೆ ದಾಟಬೇಕು, ಹ್ಯಾಂಡ್‌ಬ್ರೇಕಿನ ತಂತಿಗೆ ತಾಗಬಾರದು, ಹಿಂದಿನ ಆಕ್ಸಲ್ ಕುಣಿಯುವಾಗ ಅದಕ್ಕೆ ಬಡಿಯದಂತೆ ಮೇಲಿಂದ ಕಮಾನು ಕಟ್ಟಿ ಹಾಯಬೇಕು.

ಈ ಪಾಡು ಬೇಡವೆಂದವರಿಗೆ ಲಾಸ್ ಏಂಜಲೀಸಿನ ಫೆಂಟನ್ ಕಂಪನಿ ಎರಡು ತುಂಡುಗಳಾಗಿಯೇ ಎರಕ ಹೊಯ್ದ ಮ್ಯಾನಿಫೋಲ್ಡ್ ಮಾರುತ್ತಿತ್ತು. 'ಕ್ಯಾಲಿಫೋರ್ನಿಯಾ ಬಿಲ್' ಎಂದೇ ಹೆಸರಾದ ಬಿಲ್ ಫಿಶರ್ ಷೆವರ್ಲೆ ಎಂಜಿನ್ನನ್ನು ಚುರುಕು ಮಾಡುವ ಬಗ್ಗೆ ಕೈಪಿಡಿಯನ್ನೇ ಬರೆದ. ವೇನ್ ಹಾರ್ನಿಂಗ್ ಎಂಬಾತ ಇನ್ನೂ ಮುಂದೆ ಹೋಗಿ, ಆರು ಸಿಲಿಂಡರಿಗೂ ಬೇರೆಬೇರೆ ಹನ್ನೆರಡು ದಾರಿಗಳಿರುವ ಹೊಸ ಹೆಡ್ಡನ್ನೇ ರೂಪಿಸಿದ. ಫೋರ್ಡ್ ಎದುರಿಗೆ ತಲೆ ಎತ್ತಿ ನಿಲ್ಲಬೇಕೆಂಬ ಹಟ ಈ ಎಲ್ಲದರ ಹಿಂದೆ ಕಾಣುತ್ತದೆ.

ಇಷ್ಟೆಲ್ಲ ಮಾಡಿ ದಕ್ಕಿದ್ದೇನು? ಬೇರೇನನ್ನೂ ಮುಟ್ಟದೆ ಪೈಪ್ ಮಾತ್ರ ಎರಡು ಮಾಡಿದವನಿಗೆ ವೇಗದಲ್ಲಿ ದೊಡ್ಡ ಲಾಭವೇನೂ ಇಲ್ಲ. ಸಣ್ಣ ಕಾರ್ಬುರೇಟರಿನಿಂದ ಒಳಗೆ ಬರುವ ಗಾಳಿಯೇ ಕಡಿಮೆ ಇರುವಾಗ ಹೊರಗೆ ಹೋಗಲು ಎಷ್ಟು ಬಾಗಿಲು ತೆರೆದರೇನು. ಪೈಪ್ ಅತಿ ದಪ್ಪವಾದರೆ ಹೊಗೆಯ ಓಟ ನಿಧಾನವಾಗಿ ನಷ್ಟವೇ ಆದೀತು. ಫೆಂಟನ್ ಹಾಕಿದವರಿಗೆ ಇನ್ನೊಂದು ತೊಡಕು. ಹಳೆಯ ಮ್ಯಾನಿಫೋಲ್ಡ್ ತನ್ನ ಬಿಸಿಯನ್ನು ಮೇಲಿನ ಪೆಟ್ರೋಲ್ ದಾರಿಗೆ ಕೊಡುತ್ತಿತ್ತು. ಆ ಕಾವು ತಪ್ಪಿದ ಮೇಲೆ ಚಳಿಯ ಬೆಳಗುಗಳಲ್ಲಿ ಪೆಟ್ರೋಲ್ ಆವಿಯಾಗದೆ ಎಂಜಿನ್ ಕೆಮ್ಮುತ್ತಿತ್ತು. ಅದಕ್ಕೆ ರೇಡಿಯೇಟರಿನ ಬಿಸಿನೀರನ್ನು ಸುತ್ತು ಹಾಕಿಸುವ ಉಪಾಯ ಬಂತು.

ನಿಜವಾಗಿ ದಕ್ಕಿದ್ದು ಸದ್ದು. ನಿಮಿಷಕ್ಕೆ 3000 ಸುತ್ತು ತಿರುಗುವ ಆರು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 150 ಸಲ ಉಸಿರು ಬಿಡುತ್ತದೆ. ಒಂದೇ ಪೈಪಿನಲ್ಲಿ ಅವೆಲ್ಲ ಬೆರೆತು ಒಂದು ಗೊಣಗು. ಎರಡಾಗಿ ಹಂಚಿದರೆ ಒಂದೊಂದರಲ್ಲೂ 75. ಸ್ವರ ಕೆಳಗಿಳಿಯುತ್ತದೆ, ತಾಳ ಬಿಡಿಬಿಡಿಯಾಗಿ ಕೇಳುತ್ತದೆ. ಕಾರು ನಿಂತಲ್ಲೇ ಉಸಿರಾಡುವಾಗ, 600 ಸುತ್ತಿನಲ್ಲಿ, ಪೈಪಿಗೆ ಸೆಕೆಂಡಿಗೆ ಹದಿನೈದೇ ಬಡಿತ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬರುವ ಪಟಪಟ ಸದ್ದಂತೂ ವಿ-8ರ ಸದ್ದಿಗಿಂತ ಬೇರೆಯೇ. ಜೋಡಿ ಪೈಪಿನ ಆಸೆಯಲ್ಲಿ ನೋಟದ ಪಾಲೂ ಇದೆ ಎನ್ನಿ. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳನ್ನೇ ನೆನೆಯಿರಿ. ಇದ್ದದ್ದು ಒಂದೇ ಸಿಲಿಂಡರ್, ಆದರೂ ಎಡಬಲಕ್ಕೆ ಎರಡು ಸೈಲೆನ್ಸರ್!

ಕಡೆಗೆ ಕಂಪನಿಯೇ ಹುಡುಗರ ದಾರಿಗೆ ಬಂತು. 1953ರ ಮೊದಲ ಕಾರ್ವೆಟ್ ಫೈಬರ್ ಗ್ಲಾಸ್ ಮೈಯ, ಬಿಳಿ ಬಣ್ಣದ ಓಟದ ಕಾರು. ಆ ವರ್ಷ ಕಟ್ಟಿದ್ದು ಕೇವಲ 300. ಮುಚ್ಚಳ ಎತ್ತಿದರೆ ಒಳಗೆ ಅದೇ ಸಾಲು ಆರು. ಮೂರು ಕಾರ್ಬುರೇಟರ್, ಸೀಳಿದ ಮ್ಯಾನಿಫೋಲ್ಡ್, ಎರಡು ಸೈಲೆನ್ಸರ್, 150 ಅಶ್ವಶಕ್ತಿ. ಅದೇ ಗಾತ್ರದ ಎಂಜಿನ್ ಸಾಧಾರಣ ಕಾರಿನಲ್ಲಿ ಕೊಡುತ್ತಿದ್ದದ್ದು 115. ಇಂಗ್ಲೆಂಡಿನ ಜಾಗ್ವಾರ್ ಎಕ್ಸ್‌ಕೆ 120 ಕೂಡ ಮೂರು-ಮೂರು ಸಿಲಿಂಡರಿಗೆ ಬೇರೆ ಮ್ಯಾನಿಫೋಲ್ಡ್ ಇಟ್ಟುಕೊಂಡಿತ್ತು, ಅದರ ವಿಶೇಷ ಮಾದರಿಗೆ ಜೋಡಿ ಪೈಪೂ ಇತ್ತು. ಆದರೆ ಷೆವರ್ಲೆ ಆರರ ಈ ಮೆರವಣಿಗೆ ಎರಡೇ ವರ್ಷದ್ದು. 1955ರಲ್ಲಿ ಷೆವರ್ಲೆ ತನ್ನದೇ ವಿ-8 ತಂದಿತು, ಆ ವರ್ಷದ ಕಾರ್ವೆಟ್‌ಗಳಲ್ಲಿ ಆರು ಸಿಲಿಂಡರಿನವು ಬೆರಳೆಣಿಕೆಯಷ್ಟು. ವೇಗ ಬೇಕಾದವರೆಲ್ಲ ಅತ್ತ ಹೋದರು.

ವೇಗ ಬೇಡದವರು ಉಳಿದರು. ಪೂರ್ವ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಮಂದಿಗೆ ಹಳೆಯ ಷೆವರ್ಲೆಗಳು ಕೈಗೆಟುಕುವ ಬೆಲೆಗೆ ಸಿಗುತ್ತಿದ್ದವು. ಅವರು ಕಾರನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಕನ್ನಡಿಯಂತೆ ಹೊಳೆಯಿಸಿ, ವಿಟಿಯರ್ ಬುಲೆವಾರ್ಡಿನಲ್ಲಿ ವಾರಾಂತ್ಯದ ರಾತ್ರಿ ತೇರಿನಂತೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಿದ್ದರು. ಬೇರೆಯವರ ಕಣ್ಣಿಗೆ ಬೀಳದಂತೆ ಬದುಕಿ ಎಂದು ಹೇಳಿಸಿಕೊಂಡ ಸಮುದಾಯ ಅದು. ಅವರ ಮೂವತ್ತು-ನಲವತ್ತರ ದಶಕದ ಕಾರುಗಳಿಗೆ 'ಬಾಂಬ್' ಎಂದು ಹೆಸರು, ಅದರ ಒಳಗೆ ಸ್ಟೋವ್‌ಬೋಲ್ಟ್, ಅಡಿಯಲ್ಲಿ ಸೀಳಿದ ಜೋಡಿ ಪೈಪ್. ನಿಧಾನವಾಗಿ ಸಾಗುವ ಕಾರಿನಲ್ಲಿ ಆ ಬಿಡಿಬಿಡಿ ತಾಳ ಚೆನ್ನಾಗಿ ಕೇಳುತ್ತದೆ. ಓಡುವವರಿಗೆ ಅಷ್ಟೇನೂ ಉಪಯೋಗಕ್ಕೆ ಬಾರದ ವಿದ್ಯೆ ಮೆಲ್ಲಗೆ ಹೋಗುವವರ ಕೈಯಲ್ಲಿ ಬಾಳಿತು.

ಕಾನೂನು ಸುಮ್ಮನಿರಲಿಲ್ಲ. ಐವತ್ತರ ದಶಕ ಮುಗಿಯುವ ಮೊದಲೇ ಕ್ಯಾಲಿಫೋರ್ನಿಯಾ, ಚಕ್ರದ ರಿಮ್ಮಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇಳಿಯಬಾರದು ಎಂದು ನಿಯಮ ಮಾಡಿತು. ಆಮೇಲೆ ಅನೇಕ ಊರುಗಳು ಹೀಗೆ ಸುತ್ತುವುದನ್ನೇ ನಿಷೇಧಿಸಿದವು. 1975ರ ಮಾದರಿಗಳಿಂದ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಾಗ ಕಾರ್ವೆಟ್ ಕೂಡ ಎರಡು ಪೈಪುಗಳನ್ನು ನಡುವೆ ಒಂದಾಗಿಸಿ, ಹಿಂದೆ ಮತ್ತೆ ಎರಡು ತೋರಿಸುವ ನಾಟಕಕ್ಕೆ ಇಳಿಯಿತು. ಆ ಶುದ್ಧಿ ಅಗತ್ಯವೇ ಆಗಿತ್ತು, ಲಾಸ್ ಏಂಜಲೀಸಿನ ಕಂದು ಆಕಾಶ ಕಂಡವರು ಅದನ್ನು ಅಲ್ಲಗಳೆಯಲಾರರು. ಸುತ್ತುವುದರ ಮೇಲಿನ ನಿಷೇಧ ಮಾತ್ರ ಯಾರು ಸುತ್ತುತ್ತಾರೆ ಎಂಬುದನ್ನು ನೋಡಿ ಮಾಡಿದ್ದು ಎಂದೇ ನನಗೆ ಅನಿಸುತ್ತದೆ.

2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಆ ಎರಡೂ ನಿಷೇಧಗಳನ್ನು ತೆಗೆದುಹಾಕಿದೆ. ತಗ್ಗಿಸಿದ ಷೆವರ್ಲೆಗಳು ಈಗ ಯಾವ ಬೀದಿಯಲ್ಲಾದರೂ ಮೆಲ್ಲಗೆ ಸಾಗಬಹುದು. ಸದ್ದು 95 ಡೆಸಿಬೆಲ್ ಮೀರಬಾರದೆಂಬ ನಿಯಮ ಹಾಗೆಯೇ ಇದೆ.